ಕರೆಂಟ್ ಹೋದ ಭಾನುವಾರ

ಹ್ಯಾಂಡ್‌ಪೋಸ್ಟ್
17-6-2024, ಸೋಮವಾರ

ಪ್ರೀತಿಯ ಅಣ್ಣ,

ಲಡಾಖಿನ ಚಳಿ ಸ್ವಲ್ಪವಾದರೂ ಇಳಿಯಿತೇ? ಮಂಡಿಯ ಊತ ಹೇಗಿದೆ? ಮಾತ್ರೆ ಕ್ಯಾಂಪಿನಲ್ಲೇ ಸಿಗುತ್ತದೆ ಎಂದಿದ್ದೆ, ಮರೆಯದೆ ತಗೊಳ್ಳುತ್ತಿದ್ದೀಯೆಂದು ನಂಬಿದ್ದೇನೆ. ಅಮ್ಮನ ಉಸಿರಾಟ ಈಗ ಪರವಾಗಿಲ್ಲ, ದಿನಕ್ಕೆರಡು ಸಲ ಮೂಗಿಗೆ ಹಿಡಿಯುವ ಮಿಷನ್ ಸಾಕಾಗುತ್ತಿದೆ. ಅಪ್ಪಾಜಿ ಶುಂಠಿಗೆ ಮಣ್ಣು ಏರಿಸುವ ಗಡಿಬಿಡಿಯಲ್ಲಿದ್ದಾರೆ. ನಾನು ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ. ಅದು ಹೇಗೆ ಬರುತ್ತದೆ ಎಂಬುದೇ ಗೊತ್ತಾಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ.

ನಮ್ಮೂರ ಲೈನ್‌ಮನ್ ಶಿವಶಂಕರ ನಿನಗೆ ನೆನಪಿರಬೇಕು, ಚಾಮುಂಡಮ್ಮನ ಮಗ. ಹೋದ ರಜೆಯಲ್ಲಿ ಕಂಬದ ಮೇಲಿಂದ "ಏನ್ ಮಿಲಿಟ್ರಿ ಸಾಹೇಬ್ರೆ, ಎಷ್ಟ್ ದಿನ ರಜಾ?" ಎಂದು ನಿನ್ನನ್ನು ಕೂಗಿ ಕೇಳಿದವನು. ಅವನೂ ನಾನೂ ಮೂರು ವರ್ಷದಿಂದ ಪ್ರೀತಿಸುತ್ತಿದ್ದೆವು. ನೋಡು, ಒಂದೇ ಸಾಲಿನಲ್ಲಿ ಮುಗಿಯಿತು. ಮೂರು ವರ್ಷ ಯಾರ ಹತ್ತಿರವೂ ಈ ಸಾಲು ಹೇಳಿರಲಿಲ್ಲ. ಅವರ ಮನೆಯಲ್ಲಿ ನೀರು ಕುಡಿಯದವರು ನಾವು, ಅಪ್ಪಾಜಿಯ ಮುಂದೆ ಯಾವ ಬಾಯಲ್ಲಿ ಹೇಳಲಿ? ಬೀದಿಯಲ್ಲಿ ಎದುರಾದರೆ ಅವನು ತಂತಿ ನೋಡುತ್ತಿದ್ದ, ನಾನು ನೆಲ ನೋಡುತ್ತಿದ್ದೆ. ಊರಿಗೆ ಕರೆಂಟ್ ಹೋದಾಗ ಮಾತ್ರ ನಮಗೆ ಮಾತು. ಹಿತ್ತಿಲ ಕತ್ತಲಲ್ಲಿ ನಾನು, ಬೇಲಿಯಾಚೆ ಅವನು. ಅವನ ಮುಖವನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡಿದ್ದು ಒಂದೇ ಸಲ, ಹುಣಸೂರಿನ ಬಸ್ಸಿನಲ್ಲಿ. ಎಡಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತಿದೆ ಎಂದು ಅವತ್ತೇ ತಿಳಿದದ್ದು. "ಇನ್ನೆಷ್ಟ್ ದಿನ ಕಣೆ ಇಂಗೆ ಕತ್ಲಲ್ಲಿ? ನಾನೇ ಬಂದು ನಿಮ್ಮಪ್ಪಾಜಿನ ಕೇಳ್ತೀನಿ" ಎಂದ. ಅಣ್ಣ ರಜೆಗೆ ಬರಲಿ, ಅವನು ನಮ್ಮ ಕಡೆ ನಿಲ್ಲುತ್ತಾನೆ ಎಂದು ನಾನೇ ತಡೆದೆ. ನೀನು ಬಂದೆ, ಹನ್ನೆರಡು ದಿನ ಇದ್ದೆ. ನಾನು ಬಾಯಿ ಬಿಡಲಿಲ್ಲ.

ಇದೇ ಎರಡನೇ ತಾರೀಖು ಭಾನುವಾರ ಪಿರಿಯಾಪಟ್ಟಣದ ಚನ್ನಬಸವಣ್ಣನವರ ಮನೆಯವರು ನನ್ನನ್ನು ನೋಡಲು ಬಂದಿದ್ದರು, ಅದು ನಿನಗೆ ಗೊತ್ತು. ಸಂಜೆಯ ಗಾಳಿಗೆ ನಮ್ಮ ಮನೆಯತ್ತ ಬರುವ ತಂತಿ ಕಿತ್ತುಬಂದು ಊರೆಲ್ಲ ಕತ್ತಲಾಯಿತು. ನೆಂಟರು ಕಾಫಿ ಲೋಟ ಹಿಡಿದು ಕತ್ತಲಲ್ಲೇ ಕೂತಿದ್ದರು. ಅಪ್ಪಾಜಿ ಒಳಗೆ ಬಂದು "ಜನರೇಟರ್ ಆಕ್ರವ್ವ, ಮರ್ವಾದೆ ಓಯ್ತದೆ" ಎಂದರು. ಅಮ್ಮನ ಮಿಷನ್ನಿಗೆಂದು ನೀನು ಕೊಡಿಸಿದ್ದಲ್ಲ, ಅದೇ. ದೀಪ ಬಂತು. ಹುಡುಗನ ತಾಯಿ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ "ಬಣ್ಣ ಚೆನ್ನಾಗದೆ" ಎಂದರು. ಸ್ವಲ್ಪ ಹೊತ್ತಿಗೆ ನಮ್ಮ ಹೊಲದ ಕೆಲಸದ ಮಂಟಯ್ಯ ಓಡಿಬಂದು ಬಾಗಿಲಲ್ಲಿ ನಿಂತ. "ಯಜಮಾನ್ರೆ, ಲೈನ್‌ಮನ್ ಶಿವಶಂಕರ ಕರೆಂಟ್ ಒಡ್ದು ಕಂಬದ್ ಮ್ಯಾಲೇ ಓಗ್ಬುಟ್ಟ!" ಅಪ್ಪಾಜಿ "ಸುಮ್ಕಿರ್ಲಾ, ನೆಂಟ್ರವ್ರೆ" ಎಂದು ಬಾಗಿಲು ಮುಂದೆ ಮಾಡಿದರು. ನನ್ನ ಕೈಯಲ್ಲಿ ಉಪ್ಪಿಟ್ಟಿನ ಪಾತ್ರೆ ಇತ್ತು. ಇನ್ನೂ ಸ್ವಲ್ಪ ಹಾಕಲೇ ಎಂದು ಹುಡುಗನ ತಂದೆಯನ್ನು ಕೇಳಿದೆ. ಹಾಕಿದೆ ಕೂಡ.

ಮಣ್ಣಿಗೆ ಹೋಗಲಿಲ್ಲ. ಯಾವ ನೆಪ ಹೇಳಿ ಹೋಗಲಿ? ಮೂರನೇ ದಿನ ಅವನ ತಂಗಿ ಬೃಂದಾ ಅವನ ಆಧಾರ್ ಕಾರ್ಡ್ ಹಿಡಿದು ಅಂಗಡಿಗೆ ಬಂದಳು. ಮೊದಲ ಪ್ರತಿಯಲ್ಲಿ ಮುಖ ಪೂರ್ತಿ ಕಪ್ಪಾಗಿ ಬಂತು. ಇರು, ಇನ್ನೊಂದು ತೆಗೆಯುತ್ತೇನೆ ಎಂದೆ. "ಕುಡ್ದು ಕಂಬ ಅತ್ತಿದ್ದ ಅಂತಾರೆ ಕಣಕ್ಕ ಜನ. ನಮ್ಮಣ್ಣ ಯಾವತ್ ಕುಡ್ದಿದ್ದ? ಅವ್ವ ಆಚೀಗೇ ಬತ್ತಿಲ್ಲ" ಎಂದು ಅತ್ತಳು. ನಾನು ಪ್ರತಿಗಳನ್ನು ಮಡಚಿ ಕವರಿಗೆ ಹಾಕಿ ಕೊಟ್ಟೆ. ಅವಳು ಹೋದ ಮೇಲೆ ಇನ್ನೊಬ್ಬರ ಪಹಣಿ ಜೆರಾಕ್ಸ್ ಮಾಡಿದೆ.

ಹುಡುಗನ ಮನೆಯವರು ಒಪ್ಪಿದ್ದಾರೆ, ಆಷಾಢ ಕಳೆದ ಮೇಲೆ ಶಾಸ್ತ್ರವಂತೆ. ಅಮ್ಮ ಸೀರೆಯ ಮಾತಾಡುತ್ತಾಳೆ, ನಾನು ಹೂಂ ಅನ್ನುತ್ತೇನೆ. ಈ ಕಾಗದದ ವಿಷಯ ಅಮ್ಮ ಅಪ್ಪಾಜಿ ಇಬ್ಬರಿಗೂ ಗೊತ್ತಿಲ್ಲ, ಆದರೂ ಅವರ ಆಶೀರ್ವಾದ ದಿನವೂ ನಿನ್ನ ಮೇಲಿದೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ
ಶಾಂಭವಿ

ಇನ್ನೊಂದು ಮಾತು, ಊರಿನ ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶಿವಶಂಕರ ಲೈನ್ ಆಫ್ ಮಾಡಿಸಿಯೇ ಕಂಬ ಹತ್ತಿದ್ದ. ತಂತಿಗೆ ಕರೆಂಟ್ ಹೋದದ್ದು ನಮ್ಮ ಮನೆಯಿಂದ. ಜನರೇಟರಿನ ವೈರನ್ನು ಗೋಡೆಯ ಪ್ಲಗ್ಗಿಗೆ ಹಾಕಿದವಳು ನಾನು. ಮೈನ್ ಸ್ವಿಚ್ ಇಳಿಸದೆ ಹಾಕಿದರೆ ಕರೆಂಟ್ ವಾಪಸ್ಸು ಕಂಬಕ್ಕೆ ಹೋಗುತ್ತದೆ ಎಂದು ಬೇಲಿಯಾಚೆ ನಿಂತು ಅವನೇ ಎರಡು ಸಲ ಹೇಳಿದ್ದ. ಅವತ್ತು ಮರೆತೆ. ಮಾರನೆಯ ಬೆಳಿಗ್ಗೆ ಮೈನ್ ಮೇಲೇ ಇದ್ದದ್ದನ್ನು ಅಪ್ಪಾಜಿಯೂ ನೋಡಿದರು. "ಯಾರ್ಗೂ ಅನ್ಬ್ಯಾಡ ಕಣವ್ವ" ಎಂದು ಜನರೇಟರನ್ನು ಸುಂದ್ರಮ್ಮತ್ತೆಯ ಮನೆಗೆ ಸಾಗಿಸಿದರು. ಇವತ್ತು ಬೆಳಿಗ್ಗೆ ಕೋಟೆಯ ಠಾಣೆಗೆ ಹೋಗಿ ಪೊಲೀಸರಿಗೆ ಇಷ್ಟನ್ನೂ ಬರೆದುಕೊಟ್ಟೆ. ಅವನು ನನಗೆ ಯಾರಾಗಿದ್ದ ಎಂಬುದನ್ನೂ ಬರೆದೆ. ಈಗ ಚಾಮುಂಡಮ್ಮನ ಮನೆಗೆ ಹೊರಟಿದ್ದೇನೆ. ಅಪ್ಪಾಜಿ ನಿನಗೆ ಫೋನ್ ಮಾಡಿ ವೈರು ಹಾಕಿದ್ದು ತಾನೇ ಅನ್ನುತ್ತಾರೆ. ನಂಬಬೇಡ.