ಏರ್‌ಪೋರ್ಟಿನಲ್ಲಿ ಬೆಡಿ ಅನ್ನಬಾರದು

ಎಡಪ್ಪಳ್ಳಿ, ಕೊಚ್ಚಿ
೧೪-೧೧-೨೦೦೬, ಮಂಗಳವಾರ

ಪ್ರೀತಿಯ ನವ್ಯಾ,

ಹೇಗಿದ್ದೀ ಮಗಾ? ಹಾಸ್ಟೆಲಿನ ಊಟದಿಂದ ನಿನ್ನ ಹೊಟ್ಟೆ ಕೆಟ್ಟಿತ್ತೆಂದು ಅಪ್ಪ ಹೇಳಿದ. ಈಗ ಸರಿಯಾಯಿತೋ? ಭುಜದ ನೋವು ಹೇಗಿದೆ? ಮೊಣಕಾಲು ಒಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಿನಗೆ ಕನ್ನಡ ಓದುವುದು ನಿಧಾನವೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅರ್ಧಕ್ಕೆ ಮಡಚಿಡಬೇಡ.

ಮುಂದಿನ ವಾರದ ಬುಧವಾರ ತಿರುವನಂತಪುರದಿಂದ ನಿನ್ನ ವಿಮಾನ. ಅಪ್ಪ ಬ್ಯಾಂಕಿನಿಂದಲೇ ವಿಮಾನದ ಕಂಪೆನಿಗೆ ಫೋನು ಮಾಡಿದ. ಒಬ್ಬಳು 'ಏರ್ ರೈಫಲ್ ಲಗೇಜಿನಲ್ಲಿ ಹಾಕಬಹುದು, ಮೊದಲೇ ತಿಳಿಸಿ' ಅಂದಳಂತೆ. ಮರುದಿನ ಇನ್ನೊಬ್ಬ 'ಲೈಸನ್ಸ್ ಎಲ್ಲಿ?' ಅಂದನಂತೆ. ಇದಕ್ಕೆ ಲೈಸನ್ಸೇ ಬೇಕಿಲ್ಲ ಮಾರಾಯರೇ ಎಂದು ಅಪ್ಪ ಗಂಟಲು ಹರಿದುಕೊಂಡ. ಬೇಡದ ಲೈಸನ್ಸನ್ನು ಎಲ್ಲಿಂದ ತರುವುದು? ನಿನಗೆ ಗೊತ್ತಿದ್ದರೂ ಹೇಳುತ್ತೇನೆ, ಪೆಟ್ಟಿಗೆಗೆ ಬೀಗ ಹಾಕು, ರೈಫಲಿನ ಸಿಲಿಂಡರಿನ ಗಾಳಿ ಖಾಲಿ ಮಾಡು, ರೈಫಲ್ ಅಸೋಸಿಯೇಶನ್ನಿನ ಪತ್ರ ಕೈಯಲ್ಲೇ ಇರಲಿ. ಈ ಸಲವೂ ತಪ್ಪಿದರೆ ಶೂಟಿಂಗ್ ನ್ಯಾಷನಲ್ಸಿಗೆ ಇನ್ನೊಂದು ವರ್ಷ ಕಾಯಬೇಕಲ್ಲ! ನನಗೆ ನಿದ್ದೆಯೇ ಹತ್ತುತ್ತಿಲ್ಲ.

ಕಳೆದ ಸಲ ಕೊಚ್ಚಿ ಏರ್‌ಪೋರ್ಟಿನಲ್ಲಿ ಆದದ್ದಕ್ಕೆ ಮನೆಯವರೆಲ್ಲ ನನ್ನನ್ನೇ ಬೈದರು. ಬಾಗಿಲಲ್ಲಿದ್ದ ಪೊಲೀಸು ಉದ್ದದ ಪೆಟ್ಟಿಗೆ ತೋರಿಸಿ 'ಇದೆಂದಾ ಅಮ್ಮೂಮ್ಮೇ?' ಅಂದ, ಇದೇನಜ್ಜಿ ಎಂದು ಮಲಯಾಳದಲ್ಲಿ. ನಾನು ಹೆಮ್ಮೆಯಿಂದ 'ಮೊಮ್ಮಗಳ ಬೆಡಿ' ಅಂದೆ. ನಮ್ಮ ಕಾಸರಗೋಡಿನಲ್ಲಿ ಕೋವಿಗೆ ಬೆಡಿ ಅನ್ನದೆ ಮತ್ತೆಂತ ಅನ್ನುವುದು? ಆ ಮಹಾರಾಯನಿಗೆ ಅದು 'ವೆಡಿ' ಎಂದು ಕೇಳಿಸಬೇಕೇ! ಮಲಯಾಳದವರಿಗೆ ವೆಡಿ ಅಂದರೆ ಸಿಡಿಮದ್ದು. ಪೆಟ್ಟಿಗೆ ಬಿಚ್ಚಿಸಿ, ನಾಯಿಯಿಂದ ಮೂಸಿಸಿ, ಎಲ್ಲ ಮುಗಿಯುವಾಗ ವಿಮಾನ ಹೋಗಿಯಾಗಿತ್ತು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ನಿನ್ನ ಅಪ್ಪ ನನಗೇ ಗಾದೆ ಹೇಳಿದ. ಅವನಿಗೆ ಗಾದೆ ಕಲಿಸಿದವಳು ನಾನು! ಅದಿರಲಿ. ನೀನೊಬ್ಬಳು ಬೈಯಲಿಲ್ಲ. ಆದರೆ ಅಂದಿನಿಂದ ಅಪ್ಪನೊಡನೆ ಮಾತಾಡಿ ಫೋನು ಇಟ್ಟುಬಿಡುತ್ತೀ, ಅಜ್ಜಿಗೆ ಕೊಡಿ ಅನ್ನುವುದಿಲ್ಲ. ಬೈದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ ಮಗಾ.

ದೇವರು ನಿನ್ನ ಕಣ್ಣನ್ನೂ ಕೈಯನ್ನೂ ಅಲುಗದಂತೆ ಕಾಯಲಿ.

ನಿನ್ನ ಅಜ್ಜಿ,
ಸುಬ್ಬಲಕ್ಷ್ಮಿ

ತಾ.ಕ.: ಅಪ್ಪ ಬೇಡವೆಂದರೂ ಬುಧವಾರ ನಾನು ರೈಲಿನಲ್ಲಿ ತಿರುವನಂತಪುರಕ್ಕೆ ಬರುತ್ತೇನೆ. ಏರ್‌ಪೋರ್ಟಿನ ಬಾಗಿಲ ಹತ್ತಿರ ಸುಳಿಯುವುದಿಲ್ಲ, ಟ್ಯಾಕ್ಸಿ ನಿಲ್ಲುವಲ್ಲಿ ನಿಂತಿರುತ್ತೇನೆ. ಯಾರಾದರೂ ಕೇಳಿದರೆ ಅಜ್ಜಿಗೆ ಮಾತು ಬಾರದು ಅನ್ನು. ಒಳಗೆ ಹೋಗುವ ಮೊದಲು ಒಮ್ಮೆ ನನ್ನ ಕಡೆ ತಿರುಗಿ ನೋಡು, ಅಷ್ಟು ಸಾಕು.