ಕೊನೆಯ ಸ್ಥಾನದ ಆಸ್ಪತ್ರೆ

ದೊಡ್ಡಮ್ಮನಿಗೆ ನಮಸ್ಕಾರ.

ಇಲ್ಲಿನ ಹಳ್ಳಿ ಆಸ್ಪತ್ರೆಗಳಲ್ಲಿ ಎಷ್ಟು ಜನ ಗುಣವಾಗುತ್ತಾರೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಕಂಪ್ಯೂಟರ್ ಕೊನೆಯ ಸ್ಥಾನ ಕೊಟ್ಟಿದ್ದ ಆಸ್ಪತ್ರೆಗೆ ಮೊನ್ನೆ ಹೋಗಿದ್ದೆ. ಅದೇ ಫಿನಾಯಿಲ್ ವಾಸನೆ. ದಿನಾ ಶಾಲೆ ಬಿಟ್ಟ ಮೇಲೆ ನಿಮ್ಮ ಆಸ್ಪತ್ರೆಯಲ್ಲಿ ನೀವು ನನ್ನನ್ನು ಕೂರಿಸುತ್ತಿದ್ದಂಥದೇ ಮರದ ಬೆಂಚು.

“ಬೇರೆ ಕಡೆ ಕೈಬಿಟ್ಟ ರೋಗಿಗಳೆಲ್ಲ ಇಲ್ಲಿಗೇ ಬರೋದು. ಬಾಗಿಲು ಹಾಕೋಕಾಗುತ್ತಾ?” ಎಂದರು ನರ್ಸಮ್ಮ, ಥೇಟ್ ನಿಮ್ಮಂತೆ ಕನ್ನಡಕದ ಮೇಲಿಂದ ನೋಡುತ್ತಾ.

ಬರುವಾಗಲೇ ಕಾಯಿಲೆ ಎಷ್ಟು ಬಲಿತಿತ್ತೆಂಬುದನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಆ ಆಸ್ಪತ್ರೆ ಎರಡನೆಯ ಸ್ಥಾನಕ್ಕೆ ಬಂತು.

ನೀವು ಕೇಳಿದ್ದ ನನ್ನ ಕೆಮ್ಮು ಕಡಿಮೆಯಾಗಿದೆ. ಕಾಗದದಲ್ಲಿ ಜಾಗ ಮುಗಿಯುತ್ತಿದೆ. ನೀವು ನರ್ಸಾಗಿದ್ದಾಗ, ನಿಮ್ಮಲ್ಲಿ ಸಾವು ಹೆಚ್ಚೆಂದು ಮೇಲಿನವರು ಕೊಟ್ಟಿದ್ದ ಮೆಮೊ ಇನ್ನೂ ಟ್ರಂಕಿನಲ್ಲಿದ್ದರೆ ಒಲೆಗೆ ಹಾಕಿ.

ನಿಮ್ಮ ಬೆಂಚಿನ ಹುಡುಗಿ