ಏನೂ ಬೆಳೆಯದ ಪ್ಲೇಟು

ಮಾರ್ಚ್ 3, ರಾತ್ರಿ 11:40
...ಅದೂ ಸಾಲದು ಅಂತ ಬೋಟ್ ಬೇರೆ ಕೆಟ್ಟು ನಿಂತ್ಕೊಳ್ತು. ಮೀನು ಸಾಕೋ ಬಲೆ ಪಂಜರಗಳಲ್ಲಿ ಏಳನೇದರಿಂದ ನಲವತ್ತು ಸತ್ತ ಮೀನು ತೆಗೆದ್ವಿ. ಉಳಿದವು ಕಪ್ಪಗಾಗಿ, ನೀರಿನ ಮೇಲೇ ಗಿರಗಿರ ಸುತ್ತುತ್ತಿವೆ. ರೆಕ್ಕೆ ಬುಡದಲ್ಲಿ ಕೆಂಪು ಹುಣ್ಣು. ಮೇಸ್ತ್ರಿ ನೋಡಿದ ತಕ್ಷಣ, "ಬ್ಯಾಕ್ಟೀರಿಯಾನೇ ಕಣೋ. ನಾಡಿದ್ದು ಲ್ಯಾಬ್ ಮೇಡಂ ಬರ್ತಾರೆ. ಅಲ್ಲಿವರೆಗೂ ಔಷಧಿ ಮೇವು ಮುಟ್ಬೇಡ" ಅಂದ್ರು. ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸಂಜೆ ಒಬ್ಬನೇ ಇದ್ದೆ. ನೋಡಕ್ಕಾಗಲಿಲ್ಲ. ಔಷಧಿ ಮೇವು ಒಂದು ಬಕೆಟ್ ಹಾಕ್ಬಿಟ್ಟೆ. ತಿಂದ್ವು, ಪಾಪ... ನಾಳೆನೂ ಹಾಕ್ತೀನಿ.

ಮಾರ್ಚ್ 5, ರಾತ್ರಿ 10:15
ಮೇಡಂ ಬಂದ್ರು. ತೇಲ್ತಾ ಇದ್ದಿದ್ದನ್ನ ಎತ್ತಿ ಕೊಟ್ಟೆ. "ಸತ್ತಿದ್ದು ಬೇಡಪ್ಪ, ಅದರಲ್ಲಿ ಇಲ್ಲದ ಕ್ರಿಮಿಯೇ ಇರಲ್ಲ. ಇನ್ನೂ ಜೀವ ಇರೋದು ಕೊಡು" ಅಂದ್ರು. ಐದು ಮೀನು ಕುಯ್ದು, ಕಿಡ್ನಿಯಿಂದ ಒಂಚೂರು ತೆಗೆದು ಲ್ಯಾಬ್ ಪ್ಲೇಟ್ ಮೇಲೆ ಗೆರೆ ಎಳೆದ್ರು. ರೋಗದ ಕ್ರಿಮಿ ಇದ್ರೆ ಅದರಲ್ಲಿ ಬೆಳೆಯುತ್ತಂತೆ.

"ಔಷಧಿ ಏನಾದ್ರೂ ಹಾಕಿದ್ರಾ?"

ಮೇಸ್ತ್ರಿ ನಕ್ಕುಬಿಟ್ರು. "ಮುಟ್ಬೇಡ ಅಂದ್ರೆ ನಮ್ಮ ಹುಡುಗ ಮುಟ್ಟಲ್ಲ ಮೇಡಂ."

ನಾನು... ಹಗ್ಗ ಸುತ್ತುತ್ತಾ ನಿಂತಿದ್ದೆ.

ಮಾರ್ಚ್ 9, ರಾತ್ರಿ 12:05
ಪ್ಲೇಟಲ್ಲಿ ಏನೂ ಬೆಳೆದಿಲ್ಲ. ಓನರ್ ಬಂದು ಎಲ್ಲರ ಮುಂದೆ ಮೇಸ್ತ್ರಿಗೆ, "ರೋಗ ಇಲ್ಲ ಅಂದ್ಮೇಲೆ ಮೀನು ಯಾಕಯ್ಯಾ ಸಾಯ್ತವೆ? ಬಲೆ ತೊಳೆದಿಲ್ಲ. ಮೀನು ಕಿಕ್ಕಿರಿದು ತುಂಬಿದ್ದೀಯ. ವಯಸ್ಸಾಯ್ತು ನಿಂಗೆ."

ಮೇಸ್ತ್ರಿದು ಹತ್ತೊಂಬತ್ತು ವರ್ಷದ ಕೆಲಸ. ಬೋಟಲ್ಲಿ ವಾಪಸ್ ಬರ್ತಾ ನನ್ನನ್ನೇ ಕೇಳಿದ್ರು, "ನಿಜ ಹೇಳೋ. ನಾನು ಸರಿಯಾಗಿ ತೊಳೀಲಿಲ್ವಾ?"

"ತೊಳೆದಿದ್ರಿ ಅಣ್ಣ" ಅಂದೆ. ಅಷ್ಟೇ. ಅಷ್ಟೇ ಅಂದಿದ್ದು ನಾನು.

ಎಂಟನೇ ಪಂಜರದಲ್ಲೂ ಶುರುವಾಗಿದೆ.

ಮಾರ್ಚ್ 16, ರಾತ್ರಿ 11:20
ಎಂಟು ಖಾಲಿ. ಒಂಬತ್ತೂ ಖಾಲಿ. ಓನರ್ ಮೇಸ್ತ್ರಿನ ಕೆಲಸದಿಂದ ತೆಗೆದು ಮನೆಗೆ ಕಳಿಸಿ ನಾಲ್ಕು ದಿನ ಆಯ್ತು. ಹೋಗ್ತಾ ಕೂಡ ಹೇಳಿದ್ದು, "ಸತ್ತಿದ್ದನ್ನ ದಿನಾ ತೆಗಿ, ಒಳಗೇ ಬಿಡಬೇಡ" ಅಂತ.

ಇವತ್ತು ತಡ್ಕೊಳಕ್ಕಾಗಲಿಲ್ಲ. ಮೇಡಂಗೆ ಫೋನ್ ಮಾಡಿ, ಔಷಧಿ ಮೇವು ಹಾಕಿದ್ದು ಹೇಳ್ಬಿಟ್ಟೆ. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. "ಎಷ್ಟು ದಿನ ಹಾಕಿದೆ?"

"ಎರಡು."

ಮೇಡಂ ಅಂದ್ರು, "ಅದಕ್ಕೇ ಏನೂ ಬೆಳೀಲಿಲ್ಲ. ಎರಡು ದಿನದ ಔಷಧಿಗೆ ರೋಗ ವಾಸಿ ಆಗಲ್ಲಪ್ಪ. ನಮ್ಮ ಪ್ಲೇಟಿಗೆ ಸಿಗದ ಹಾಗೆ ಅಡಗಿ ಕೂತ್ಕೊಳ್ಳುತ್ತೆ." ನಾಳೆ ಹತ್ತನೇ ಪಂಜರದಿಂದ ಹೊಸದಾಗಿ ಸ್ಯಾಂಪಲ್ ತಗೋತಾರಂತೆ. ತಪ್ಪು ಮೇಸ್ತ್ರಿದಲ್ಲ ಅಂತ ಓನರ್‌ಗೆ ಬರೆದು ಕೊಡ್ತಾರಂತೆ. "ಆದ್ರೆ ಮೇಸ್ತ್ರಿಗೆ ನಾನು ಹೇಳಲ್ಲ. ಅದು ನಿನ್ನ ಕೆಲಸ."

ಆಮೇಲೆ ಮೇಸ್ತ್ರಿ ಮನೆಗೆ ಫೋನ್ ಮಾಡ್ದೆ. ಹೆಂಡತಿ ಎತ್ತಿದ್ರು. "ಮಲಗಿದಾರಪ್ಪ. ಬಲೆ ಬಲೆ ಅಂತ ಕನವರಿಸ್ತಾ ಇದ್ರು, ಈಗ ತಾನೇ ಕಣ್ಣು ಮುಚ್ಚಿದಾರೆ. ಏಳಿಸ್ಲಾ?"

"ಬೇಡ ಅಕ್ಕ."

"ಏನಾದ್ರೂ ಹೇಳ್ಬೇಕಿತ್ತಾ?"

"ಅವರಿಗೇ ಹೇಳ್ಬೇಕು ಅಕ್ಕ. ಬೆಳಿಗ್ಗೆ ಮಾಡ್ತೀನಿ. ಆರೂವರೆಗೆ. ಎದ್ದಿರೋಕೆ ಹೇಳಿ... ಆರೂವರೆಗೆ ಖಂಡಿತ ಮಾಡ್ತೀನಿ."